ಮಳೆಗಾಲದಲ್ಲಿ ಒಲೆ ಹೊತ್ತಿಸುವುದು: ಬೆಂಕಿ ಹಿಡಿಸಲು ಯಾವುದು ಒಳ್ಳೆಯದು, ಯಾವುದು ಬೇಡ

ಜುಲೈ ತಿಂಗಳು, ಬೆಳಗಿನ ಐದೂವರೆ. ಹೊರಗೆ ಜಡಿಮಳೆ. ಹಂಡೆ ತುಂಬಾ ತಣ್ಣೀರು. ಒಲೆಯೊಳಗೆ ಥಂಡಿ ಹಿಡಿದ ಅಕೇಶಿಯಾ ಸೌದೆ, ಕೈಯಲ್ಲಿ ಮೆತ್ತಗಾದ ಬೆಂಕಿಪೊಟ್ಟಣ. ಏಳು ಕಡ್ಡಿ ಗೀರಿದ ಮೇಲೆ ಒಂದು ಹೊತ್ತುತ್ತದೆ. ಪೇಪರ್ ಭಗ್ಗನೆ ಉರಿದು ಅರ್ಧ ನಿಮಿಷಕ್ಕೆ ಬೂದಿಯಾಗುತ್ತದೆ. ಸೌದೆ ಮಾತ್ರ ತುದಿಯಲ್ಲಿ ಚುಂಯ್ ಎಂದು ನೀರು ಬಿಡುತ್ತಾ ಹಾಗೇ ಮಲಗಿರುತ್ತದೆ.

ತೀರ್ಥಹಳ್ಳಿ, ಕೊಪ್ಪ, ಸಾಗರ, ಸಿದ್ದಾಪುರದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಬಹುಪಾಲು ಸುರಿಯುವುದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಸೋಲಾರ್ ನೀರನ್ನು ನಂಬುವ ಹಾಗಿಲ್ಲ, ಕರೆಂಟಿನ ಕಥೆ ಕೇಳುವುದೇ ಬೇಡ. ಬಚ್ಚಲು ಒಲೆಯೇ ಗತಿ.

ಇತ್ತೀಚೆಗೆ ಇದಕ್ಕೂ ಒಂದು ಪ್ಯಾಕೆಟ್ ಬಂದಿದೆ. ಫೈರ್ ಸ್ಟಾರ್ಟರ್ ಎಂಬ ಹೆಸರಿನಲ್ಲಿ ಬಿಲ್ಲೆ, ಉಂಡೆ, ಜೆಲ್ಲು, ಏನೇನೋ ಸಿಗುತ್ತವೆ. ಹೋಮ್‌ಸ್ಟೇ ನಡೆಸುವವರು, ಹೊಸದಾಗಿ ತೋಟದ ಮನೆ ಕಟ್ಟಿಸಿ ಬೆಂಗಳೂರಿಂದ ಬಂದವರು, ಪೆಲೆಟ್ (ಮರದ ಪುಡಿಯಂಥದ್ದನ್ನು ಒತ್ತಿ ಮಾಡಿದ ಸಣ್ಣ ಕಡ್ಡಿ) ಉರಿಸುವ ಒಲೆ ಹಾಕಿಸಿದ ಹೋಟೆಲಿನವರು ‘ಯಾವುದು ತಗೊಳ್ಳೋದು?’ ಎಂದು ಕೇಳುತ್ತಿರುತ್ತಾರೆ. ಮೂವತ್ತು ವರ್ಷದಿಂದ ಒಲೆ ಮುಂದೆ ಕುಕ್ಕರಗಾಲಲ್ಲಿ ಕೂತವನಾಗಿ ನನಗೆ ಗೊತ್ತಿರುವಷ್ಟನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಗಡಿಯಾರ ನೋಡಿ

ಬೆಂಕಿ ಹಿಡಿಸುವ ಸಾಮಾನು ಕೊಳ್ಳುವಾಗ ಎಲ್ಲರೂ ನೋಡುವುದು ಉರಿ ಎಷ್ಟು ಎತ್ತರ ಎದ್ದಿತು ಅಂತ. ನೋಡಬೇಕಾದ್ದು ಅದು ಎಷ್ಟು ನಿಮಿಷ ನಿಂತಿತು ಅಂತ.

ಯಾಕೆ ಅಂದರೆ, ಸೌದೆ ಸುಮ್ನೆ ಹೊತ್ತಿಕೊಳ್ಳುವುದಿಲ್ಲ. ಮೊದಲು ಅದರೊಳಗಿನ ನೀರು ಆವಿಯಾಗಿ ಹೋಗಬೇಕು. ಆಮೇಲೆ ಮರ ಕಾದು ಹೊಗೆ ಬಿಡಬೇಕು. ಸುಮಾರು 250ರಿಂದ 300 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಆ ಹೊಗೆಗೆ ಉರಿ ಹತ್ತುತ್ತದೆ. ಆಗ ತಾನೇ ಕಡಿದ ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ ಇರುತ್ತದೆ. ಚೆನ್ನಾಗಿ ಒಣಗಿದ್ದರಲ್ಲಿ ಐದನೇ ಒಂದು ಭಾಗಕ್ಕಿಂತ ಕಡಿಮೆ. ಹಾಗಾಗಿ ಬೆರಳು ಗಾತ್ರದ ಒಣ ಪುರಳೆ (ಸಣ್ಣ ಕಡ್ಡಿ ಸೌದೆ) ಹೊತ್ತಿಕೊಳ್ಳಲು ಬೇಸಿಗೆಯಲ್ಲಿ ನಾಲ್ಕೈದು ನಿಮಿಷದ ಉರಿ ಸಾಕಾದರೆ, ಮಳೆಗಾಲದಲ್ಲಿ ಹತ್ತು ನಿಮಿಷ ಬೇಕು.

ನಿಮ್ಮಲ್ಲಿ ಇರುವುದನ್ನೆಲ್ಲ ಒಮ್ಮೆ ಪರೀಕ್ಷೆ ಮಾಡಿ ನೋಡಿ. ಅಂಗಳದ ಕಲ್ಲುಚಪ್ಪಡಿ ಮೇಲೆ ಒಂದೊಂದನ್ನೇ ಇಟ್ಟು ಹಚ್ಚಿ, ಮೊಬೈಲಿನಲ್ಲಿ ಸಮಯ ನೋಡಿಕೊಳ್ಳಿ. ನಮ್ಮ ಅಂಗಳದಲ್ಲಿ ಒಂದು ಹಾಳೆ ಪೇಪರ್ ಅರ್ಧ ನಿಮಿಷಕ್ಕೆ ಮುಗಿಯಿತು. ಒಂದು ಹಿಡಿ ಅಡಿಕೆ ಸೋಗೆ ಒಂದು ನಿಮಿಷ ನಿಂತಿತು. ಸಣ್ಣ ಕರ್ಪೂರದ ಬಿಲ್ಲೆಯೂ ಅಷ್ಟೇ. ಅರ್ಧ ಹೋಳು ಕರಟ ಮೊದಮೊದಲು ಮುನಿಸಿಕೊಂಡಂತೆ ಕೂತಿತ್ತು. ಅಂಚಿಗೆ ಉರಿ ಹತ್ತಿದ ಮೇಲೆ ಆರು ನಿಮಿಷ ಅಲ್ಲಾಡದೆ ಉರಿಯಿತು, ಆಮೇಲೆ ಕೆಂಡವಾಗಿ ಇನ್ನೂ ಹತ್ತು ನಿಮಿಷ ಇತ್ತು. ಮನೆಯಲ್ಲೇ ಮಾಡಿದ ಮೇಣದ ಬಿಲ್ಲೆ ಹನ್ನೆರಡು ನಿಮಿಷ ದಾಟಿತು.

ಈ ಲೆಕ್ಕ ಕೈಯಲ್ಲಿದ್ದರೆ ಅರ್ಧ ಆಯ್ಕೆ ಮುಗಿದಂತೆ. ಬೇಗ ಹೊತ್ತುವುದು ಒಂದು, ಹೊತ್ತು ನಿಲ್ಲುವುದು ಇನ್ನೊಂದು. ಎರಡೂ ಬೇಕು. ಬರೀ ಸೋಗೆ ಹಾಕಿದರೆ ಭಗ್ಗನೆ ಉರಿದು ಮುಗಿಯುತ್ತದೆ. ಬರೀ ಕರಟ ಹಾಕಿದರೆ ಹತ್ತುವುದೇ ಇಲ್ಲ.

ಹಿತ್ತಲಲ್ಲೇ ಇರುವುದು

ನಿಮ್ಮದು ಅಡಿಕೆ, ತೆಂಗು, ಕಾಫಿ ಇರುವ ಊರಾದರೆ ದುಡ್ಡು ಕೊಟ್ಟು ಏನೂ ತರಬೇಕಾಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಮೇ ತಿಂಗಳಲ್ಲಿ ಎರಡು ದಿನ ಮೈಬಗ್ಗಿಸಬೇಕು, ಅಷ್ಟೇ.

ಬೇಗ ಹೊತ್ತುವ ಸಾಲಿನಲ್ಲಿ ಅಡಿಕೆ ಸೋಗೆ, ತೆಂಗಿನ ಒಣ ಗರಿ, ತರಗೆಲೆ, ತೆಂಗಿನ ನಾರು ಬರುತ್ತವೆ. ನಾರನ್ನು ಕೈಯಲ್ಲಿ ಹಿಂಜಿ ಹಕ್ಕಿಗೂಡಿನ ಹಾಗೆ ಮಾಡಿಕೊಂಡರೆ ಒಂದೇ ಕಡ್ಡಿಗೆ ಹಿಡಿಯುತ್ತದೆ. ಆದರೆ ಇವೆಲ್ಲ ಗಾಳಿಯ ತೇವವನ್ನೂ ಅಷ್ಟೇ ಬೇಗ ಹೀರುತ್ತವೆ. ಬೆಳಗ್ಗೆ ಗರಿಗರಿ ಇದ್ದ ಸೋಗೆ ಸಂಜೆಗೆ ಹಪ್ಪಳ ಮೆತ್ತಗಾದ ಹಾಗೆ ಆಗಿರುತ್ತದೆ. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟಿದ್ದನ್ನು ಮಾತ್ರ ನಂಬಿ.

ಹೊತ್ತು ನಿಲ್ಲುವುದರಲ್ಲಿ ಕರಟಕ್ಕೆ ಸಾಟಿ ಇಲ್ಲ. ಅದರಲ್ಲಿ ನೀರಿನ ಅಂಶ ಕಡಿಮೆ, ಮಳೆಗಾಲದಲ್ಲೂ ಬೇಗ ಮೆತ್ತಗಾಗುವುದಿಲ್ಲ. ಇಡೀ ಹೋಳನ್ನು ಹಾಕಬೇಡಿ. ಕತ್ತಿಯ ಹಿಂಬದಿಯಿಂದ ನಾಲ್ಕೈದು ಚೂರು ಮಾಡಿ. ಬೆಂಕಿ ಹತ್ತುವುದು ಅಂಚಿನಿಂದ, ಅಂಚು ಜಾಸ್ತಿ ಇದ್ದಷ್ಟೂ ಸಲೀಸು. ಕೊಬ್ಬರಿಯ ತುಣುಕು ಅಂಟಿಕೊಂಡಿದ್ದರೆ ಇನ್ನೂ ಒಳ್ಳೆಯದು, ಆ ಎಣ್ಣೆಯೇ ಮೊದಲು ಉರಿಯುತ್ತದೆ.

ಅಡಿಕೆ ಸಿಪ್ಪೆ ಹೊಗೆಯಾಡುವುದೇ ಹೆಚ್ಚು. ಅದು ಬೆಂಕಿ ಆರದಂತೆ ಕಾಯುವುದಕ್ಕೆ ಸರಿ, ಹಿಡಿಸುವುದಕ್ಕಲ್ಲ. ತೆಂಗಿನಕಾಯಿ ಸಿಪ್ಪೆಯೂ ಹಾಗೇ. ಕಾಫಿ ತೋಟದವರಿಗೆ ಮಾತ್ರ ವರ. ಚಿಗುರು ಕೀಳುವಾಗ, ಗಿಡ ಸವರುವಾಗ ಬಿದ್ದ ಕಡ್ಡಿಗಳನ್ನು ಒಣಗಿಸಿ ಕಟ್ಟು ಕಟ್ಟಿಟ್ಟರೆ ಅದಕ್ಕಿಂತ ಒಳ್ಳೆ ಪುರಳೆ ಬೇರೆ ಇಲ್ಲ. ಕರಾವಳಿಯ ಕಡೆ ಗೇರುಬೀಜದ ಸಿಪ್ಪೆ ಹಾಕುವ ರೂಢಿ ಇದೆ. ಎಣ್ಣೆ ತುಂಬಿರುವುದರಿಂದ ಅದು ಧಗಧಗ ಉರಿಯುತ್ತದೆ, ನಿಜ. ಆದರೆ ಆ ಎಣ್ಣೆ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ, ಹೊಗೆ ಕಣ್ಣಿಗೆ ಉರಿ. ಮಕ್ಕಳಿರುವ ಬಚ್ಚಲಿಗೆ ಬೇಡ.

ಧೂಪದ ಅಂಟಿನ ಮಾತು ಬೇರೆ. ನಮ್ಮ ಅಜ್ಜನ ಕಾಲದಲ್ಲಿ ಧೂಪದ ಮರದಿಂದ ಬಿದ್ದ ಅಂಟಿನ ಗಟ್ಟಿ ಒಲೆ ಗೂಡಿನಲ್ಲಿ ಇರುತ್ತಿತ್ತಂತೆ. ಗೋಲಿ ಗಾತ್ರದ್ದು ಹಾಕಿದರೆ ಎಂಥ ಸೌದೆಯೂ ಹಿಡಿಯುತ್ತಿತ್ತಂತೆ. ಈಗ ಅದಕ್ಕಾಗಿ ಕಾಡಿಗೆ ಹೋಗಿ ಮರಕ್ಕೆ ಗಾಯ ಮಾಡಬೇಡಿ. ಸಾಲುಧೂಪ ನಮ್ಮ ಪಶ್ಚಿಮ ಘಟ್ಟದಲ್ಲಿ ಮಾತ್ರ ಬೆಳೆಯುವ ಮರ, ಇರುವುದೇ ಕಡಿಮೆ.

ಇನ್ನೊಂದು ವಸ್ತು ಎಲ್ಲರ ಮನೆಯಲ್ಲೂ ಇರುತ್ತದೆ: ದೇವರ ದೀಪದ ಹಳೆ ಬತ್ತಿ. ಎಣ್ಣೆ ಕುಡಿದ ಹತ್ತಿಬತ್ತಿ ನಾಲ್ಕನ್ನು ಸೇರಿಸಿ ಹೊಸೆದರೆ ಮೂರು ನಿಮಿಷ ಉರಿಯುತ್ತದೆ. ದೇವರ ಬತ್ತಿಯನ್ನು ಬಚ್ಚಲಿಗೆ ಹಾಕುವುದು ನಮ್ಮಮ್ಮನಿಗೆ ಇಷ್ಟವಿಲ್ಲ. ಹಾಗಾಗಿ ಅಡುಗೆ ಒಲೆಗೆ ಬತ್ತಿ, ಬಚ್ಚಲು ಒಲೆಗೆ ಕರಟ ಎಂದು ನಮ್ಮಲ್ಲಿ ರಾಜಿಯಾಗಿದೆ.

ಇವು ಮಾತ್ರ ಬೇಡ

ಸೀಮೆಎಣ್ಣೆ ಬಗ್ಗೆ ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಪಿಯುಸಿ ಓದುವಾಗ ಒಂದು ದಿನ ಒಲೆ ಆರಿದೆ ಎಂದುಕೊಂಡು ಬಗ್ಗಿ ಅರ್ಧ ಲೋಟ ಸುರಿದೆ. ಉರಿ ಇರಲಿಲ್ಲ, ಬೂದಿ ಅಡಿ ಕೆಂಡ ಇತ್ತು. ಬೆಳ್ಳಗೆ ಹೊಗೆ ಎದ್ದಿತು. ‘ಅರೆ, ಹತ್ತಲಿಲ್ಲವಲ್ಲ’ ಎಂದು ಇನ್ನೂ ಮುಖ ತೂರಿಸಿದೆ. ಭುಸ್ ಎಂದು ಒಲೆ ಬಾಯಿಂದ ಉರಿ ಹೊರಗೆ ಬಂತು. ಹುಬ್ಬು, ರೆಪ್ಪೆ, ಮುಂದಲೆ ಕೂದಲು ಹೋಯಿತು. ಕಣ್ಣು ಉಳಿದದ್ದು ಪುಣ್ಯ. ಅಪ್ಪಯ್ಯ ಬೈಯಲಿಲ್ಲ, ‘ನಿಂಗೆ ಬುದ್ಧಿ ಬಂತಲ ಮಾರಾಯ, ಸಾಕು’ ಎಂದರು. ಮಾರನೆ ದಿನ ಸೀಮೆಎಣ್ಣೆ ಡಬ್ಬ ಕೊಟ್ಟಿಗೆಗೆ ಹೋಯಿತು.

ಆಗ ನಡೆದದ್ದು ಇಷ್ಟು. ಬಿಸಿ ಕೆಂಡದ ಮೇಲೆ ಬಿದ್ದ ಸೀಮೆಎಣ್ಣೆ ತಕ್ಷಣ ಉರಿಯಲಿಲ್ಲ, ಆವಿಯಾಯಿತು. ಆ ಬಿಳಿ ಹೊಗೆಯೇ ಆವಿ. ಅದು ಒಲೆ ತುಂಬಿಕೊಂಡು ಗಾಳಿಯ ಜೊತೆ ಬೆರೆತಾಗ ಒಂದು ಕಿಡಿ ಸಾಕು. ಪೆಟ್ರೋಲು, ಥಿನ್ನರ್, ಸ್ಯಾನಿಟೈಸರ್ ಇನ್ನೂ ಅಪಾಯ. ಪೆಟ್ರೋಲ್ ಆವಿಯಾಗಲು ಕೆಂಡದ ಬಿಸಿಯೂ ಬೇಡ, ತಣ್ಣಗಿನ ಬಚ್ಚಲಲ್ಲೇ ನೆಲದ ಮೇಲೆ ಹರಡಿಕೊಳ್ಳುತ್ತದೆ.

ಹಾಲಿನ ಪ್ಯಾಕೆಟ್, ಹಳೆ ಸೈಕಲ್ ಟ್ಯೂಬು, ಹವಾಯಿ ಚಪ್ಪಲಿ ತುಂಡು: ಇವನ್ನು ಹಾಕುವ ಚಾಳಿ ನಮ್ಮ ಕಡೆ ಇನ್ನೂ ಇದೆ. ಬೆಂಕಿ ಹತ್ತುತ್ತದೆ, ಜೊತೆಗೆ ಮನೆಯವರೆಲ್ಲ ವಿಷದ ಹೊಗೆ ಕುಡಿಯುತ್ತಾರೆ. ಮುಖ್ಯವಾಗಿ ಒಂದು ಮಾತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ಕಾಲವೂ ಇದೇ. ಮೈಲುತುತ್ತದ ಖಾಲಿ ಚೀಲ ಕೈಗೆ ಸಿಕ್ಕಿತೆಂದು ಒಲೆಗೆ ತುರುಕಬೇಡಿ. ಕೀಟನಾಶಕದ ರಟ್ಟಿನ ಪೆಟ್ಟಿಗೆಯೂ ಬೇಡ. ಪೇಂಟ್ ಬಳಿದ ಹಳೆ ಕಿಟಕಿ, ಪ್ಲೈವುಡ್ ಚೂರು ಹೊರಗೇ ಇರಲಿ.

ಅಂಗಡಿಯಿಂದ ತರುವುದಾದರೆ

ಪೇಟೆಯಲ್ಲಿರುವವರಿಗೆ, ಹೋಮ್‌ಸ್ಟೇಯವರಿಗೆ ಕರಟ ಒಡೆಯುತ್ತಾ ಕೂರಲು ಪುರುಸೊತ್ತಿಲ್ಲ. ಸರಿ. ಮಾರುಕಟ್ಟೆಯಲ್ಲಿ ಸಿಗುವುದನ್ನು ಮೂರು ಜಾತಿ ಮಾಡಬಹುದು.

ಬೆಳ್ಳಗಿನ ಬಿಲ್ಲೆಗಳು ಒಂದು ಜಾತಿ. ಇವು ಸೀಮೆಎಣ್ಣೆಯಂಥ ಎಣ್ಣೆಯನ್ನು ಗಟ್ಟಿ ಮಾಡಿದವು. ಬೇಗ ಹತ್ತುತ್ತವೆ, ವಾಸನೆ ಜಾಸ್ತಿ. ನೀರು ಕಾಯಿಸಲು ಪರವಾಗಿಲ್ಲ, ಅಕ್ಕಿರೊಟ್ಟಿ ಸುಡುವ ಒಲೆಗೆ ಬೇಡ. ಒಮ್ಮೆ ಆನ್‌ಲೈನಿನಲ್ಲಿ ತರಿಸಿದ ಪ್ಯಾಕೆಟ್ ಸೀಲು ಬಿಟ್ಟುಕೊಂಡು ಬಂದಿತ್ತು. ಎರಡು ವಾರ ನಮ್ಮ ಇಡೀ ಕಪಾಟು ಸೀಮೆಎಣ್ಣೆ ಅಂಗಡಿಯಾಗಿತ್ತು. ತೆರೆದ ಮೇಲೆ ಗಾಳಿಯಾಡದ ಡಬ್ಬದಲ್ಲಿ ಇಡಲೇಬೇಕು, ಇಲ್ಲದಿದ್ದರೆ ಎಣ್ಣೆ ಆರಿ ಸುಣ್ಣದ ಗಟ್ಟಿಯಂತೆ ಉಳಿಯುತ್ತವೆ.

ಎರಡನೆಯದು ಮೇಣ ಕುಡಿಸಿದ ಮರದ ಎಳೆ ಅಥವಾ ಮರದ ಪುಡಿಯ ಉಂಡೆ. ನಾನು ದುಡ್ಡು ಕೊಡುವುದಾದರೆ ಇದಕ್ಕೇ. ವಾಸನೆ ಇಲ್ಲ, ಎಂಟು ಹತ್ತು ನಿಮಿಷ ನಿಲ್ಲುತ್ತದೆ, ತೇವಕ್ಕೆ ಹೆದರುವುದಿಲ್ಲ. ಕೊಳ್ಳುವ ಮುನ್ನ ಪ್ಯಾಕೆಟ್ಟಿನ ಬೆಲೆಯನ್ನು ಉಂಡೆಗಳ ಸಂಖ್ಯೆಯಿಂದ ಭಾಗಿಸಿ. ಒಂದು ಸಲ ಒಲೆ ಹೊತ್ತಿಸಲು ಎಷ್ಟು ರೂಪಾಯಿ ಎಂಬುದು ಆಗ ಗೊತ್ತಾಗುತ್ತದೆ. ದೊಡ್ಡ ಪ್ಯಾಕೆಟ್ ಅಗ್ಗ ಎನ್ನುವ ಭ್ರಮೆ ಕೆಲವೊಮ್ಮೆ ಅಲ್ಲೇ ಕಳಚುತ್ತದೆ. ತಂದ ದಿನ ಒಂದನ್ನು ರಾತ್ರಿಯಿಡೀ ನೀರಲ್ಲಿ ಮುಳುಗಿಸಿಟ್ಟು ಬೆಳಗ್ಗೆ ಒರೆಸಿ ಹಚ್ಚಿ ನೋಡಿ. ಹತ್ತಿದರೆ ಮುಂದಿನ ಸಲವೂ ಅದನ್ನೇ ತನ್ನಿ.

ಮೂರನೆಯದು ಜೆಲ್. ಸ್ಪಿರಿಟ್ಟನ್ನು ಗಟ್ಟಿ ಮಾಡಿದ್ದು. ಇದರ ಉರಿ ಹಗಲು ಬೆಳಕಲ್ಲಿ ಸರಿಯಾಗಿ ಕಾಣುವುದೇ ಇಲ್ಲ. ಹತ್ತಿಲ್ಲ ಎಂದುಕೊಂಡು ಬಾಟಲಿಯಿಂದ ಇನ್ನಷ್ಟು ಹಿಂಡಿದರೆ ಉರಿ ಬಾಟಲಿಗೇ ಏರಬಹುದು. ಪೆಲೆಟ್ ಒಲೆಗೆ ಅನುಕೂಲ ಹೌದು. ಆದರೆ ಮನೆಯಲ್ಲಿ ಗಡಿಬಿಡಿ ಸ್ವಭಾವದವರು ಇದ್ದರೆ ತರಬೇಡಿ.

ಮನೆಯಲ್ಲೇ ಮೇಣದ ಬಿಲ್ಲೆ

ಬೇಕಾದ್ದು ಮೊಟ್ಟೆಯ ರಟ್ಟಿನ ಟ್ರೇ, ಒಂದು ಸೇರು ಒಣ ಗರಗಸದ ಪುಡಿ, ಉರಿದು ಉಳಿದ ಮೇಣದಬತ್ತಿ ತುಂಡುಗಳು. ಪುಡಿ ಮರದ್ದೇ ಆಗಿರಲಿ, ಪ್ಲೈವುಡ್ ಕೊಯ್ದದ್ದು ಬೇಡ. ಮೊಟ್ಟೆ ತಿನ್ನದ ಮನೆಯವರು ಒಣ ಅಡಿಕೆ ಹಾಳೆಯನ್ನು ಬೆರಳುದ್ದ ಕತ್ತರಿಸಿ ಸುರುಳಿ ಸುತ್ತಿ, ಬಾಳೆನಾರಲ್ಲಿ ಕಟ್ಟಿಕೊಳ್ಳಿ. ನನಗೆ ಅದೇ ಇನ್ನೂ ಇಷ್ಟ.

1. ಬಾಣಲೆಯಲ್ಲಿ ನೀರು ಕುದಿಯಲು ಇಡಿ. ಅದರೊಳಗೆ ಹಳೆ ಪಾತ್ರೆ ಇಟ್ಟು ಮೇಣ ಕರಗಿಸಿ. ಮೇಣ ಕರಗಲು 60 ಡಿಗ್ರಿಯ ಆಸುಪಾಸು ಸಾಕು. ನೇರ ಉರಿಯ ಮೇಲೆ ಇಟ್ಟರೆ ಮಿತಿಮೀರಿ ಕಾದು ತಾನೇ ಹೊತ್ತಿಕೊಳ್ಳಬಹುದು.

2. ಟ್ರೇಯ ಗುಂಡಿಗಳಿಗೆ ಮುಕ್ಕಾಲು ಭಾಗ ಪುಡಿ ತುಂಬಿ. ಒತ್ತಬೇಡಿ. ಗಾಳಿ ಆಡುವಷ್ಟು ಸಡಿಲ ಇರಲಿ.

3. ಪ್ರತಿ ಗುಂಡಿಗೂ ಎರಡು ಚಮಚ ಮೇಣ ಹನಿಸಿ. ಪುಡಿ ನೆನೆಯಬೇಕು, ಮೇಲೆ ಕೆರೆ ಕಟ್ಟಬಾರದು.

4. ಆರಿದ ಮೇಲೆ ಒಂದೊಂದೇ ಗುಂಡಿ ಹರಿದು ಬೇರೆ ಮಾಡಿ. ಕತ್ತರಿಯಲ್ಲಿ ಕತ್ತರಿಸಬೇಡಿ, ಹರಿದ ರಟ್ಟಿನ ಎಳೆ ಎದ್ದ ಅಂಚೇ ಕಡ್ಡಿ ಹಚ್ಚುವ ಜಾಗ.

ಮಾಡುವಾಗ ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಎರಚಬೇಡಿ, ಉರಿ ಸಿಡಿಯುತ್ತದೆ. ಮುಚ್ಚಳ ಮುಚ್ಚಿ, ಕೆಳಗಿನ ಒಲೆ ಆರಿಸಿ.

ಮೂವತ್ತು ಗುಂಡಿಯ ಒಂದು ಟ್ರೇ ಮಾಡಿದರೆ ಒಂದು ತಿಂಗಳು.

ಹೊತ್ತಿಸುವ ಕ್ರಮ

ಹಂಡೆ ಒಲೆಗೆ ಮೊದಲ ಕೆಲಸ ಬೂದಿ ಕೆದಕುವುದು. ಎಲ್ಲ ಬೂದಿ ತೆಗೆಯಬೇಡಿ, ಎರಡು ಬೆರಳು ದಪ್ಪ ಇರಲಿ. ಒದ್ದೆ ನೆಲದ ತಂಪು ಮೇಲೆ ಬರದ ಹಾಗೆ ಅದು ತಡೆಯುತ್ತದೆ. ಎರಡು ದಪ್ಪ ತುಂಡುಗಳನ್ನು ಒಂದು ಗೇಣು ಅಂತರದಲ್ಲಿ ಉದ್ದಕ್ಕೆ ಇಡಿ. ನಡುವೆ ಸೋಗೆ ಅಥವಾ ನಾರಿನ ಗೂಡು, ಅದರ ಮೇಲೆ ಕರಟದ ನಾಲ್ಕು ಚೂರು ಅಥವಾ ಒಂದು ಮೇಣದ ಬಿಲ್ಲೆ. ಅದರ ಮೇಲೆ ಪೆನ್ಸಿಲ್ ಗಾತ್ರದ ಪುರಳೆ ಅಡ್ಡಡ್ಡ, ಮತ್ತೆ ಬೆರಳು ಗಾತ್ರದ್ದು. ದೊಡ್ಡ ಸೌದೆಯನ್ನು ಈಗಲೇ ಹೇರಬೇಡಿ. ಕೆಳಗಿನಿಂದ ಕಡ್ಡಿ ಹಚ್ಚಿ ಕೈ ಹಿಂದೆ ತೆಗೆಯಿರಿ. ಊದುಗೊಳವೆಗೆ ಆತುರ ಬೇಡ. ಪುರಳೆ ಚಟಪಟ ಎನ್ನುವ ಮೊದಲೇ ಊದಿದರೆ ಉರಿ ಆರುವುದೇ ಹೆಚ್ಚು. ಚಟಪಟ ಶುರುವಾದ ಮೇಲೆ ಉದ್ದವಾಗಿ, ಮೆತ್ತಗೆ, ಬುಡಕ್ಕೆ ಊದಿ. ಸೀಳಿದ ಸೌದೆ ಹಾಕುವುದಿದ್ದರೆ ಸೀಳಿದ ಮುಖ ಕೆಳಗೆ ಬರಲಿ. ತೊಗಟೆ ನಿಧಾನ.

ಚಿಮಣಿ ಇರುವ ಒಲೆಯ ರೀತಿಯೇ ಬೇರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಅಲ್ಲಲ್ಲಿ ಇದೆ. ಹೋಮ್‌ಸ್ಟೇಗಳ ಗಾಜಿನ ಬಾಗಿಲಿನ ಕಬ್ಬಿಣದ ಸ್ಟೌ ಕೂಡ ಇದೇ ಜಾತಿ. ಮಳೆಯಲ್ಲಿ ಚಿಮಣಿಯೊಳಗೆ ತಣ್ಣನೆ ಗಾಳಿ ಮುದ್ದೆಯಾಗಿ ಕೂತಿರುತ್ತದೆ. ಹಚ್ಚಿದ ಕೂಡಲೇ ಹೊಗೆ ಮೇಲೆ ಹೋಗುವ ಬದಲು ಮುಖಕ್ಕೆ ರಾಚುತ್ತದೆ. ಇದಕ್ಕೆ ಉಪಾಯ, ಮೊದಲು ಒಂದು ಪೇಪರ್ ಸುರುಳಿಯನ್ನು ಚಿಮಣಿಯ ಬಾಯಿಗೆ ಹತ್ತಿರ ಹಿಡಿದು ಉರಿಸುವುದು. ಒಳಗಿನ ಗಾಳಿ ಬಿಸಿಯಾಗಿ ಎಳೆತ ಶುರುವಾದದ್ದು ಸದ್ದಿನಲ್ಲೇ ಗೊತ್ತಾಗುತ್ತದೆ. ಆಮೇಲೆ ಒಲೆ ಹಚ್ಚಿ.

ಕಬ್ಬಿಣದ ಸ್ಟೌವಿನಲ್ಲಿ ಮೇಲಿನಿಂದ ಕೆಳಕ್ಕೆ ಹಚ್ಚುವುದು ಒಳ್ಳೆಯದು. ದಪ್ಪ ಸೌದೆ ಅಡಿಗೆ, ಸಣ್ಣದು ಮೇಲೆ, ಎಲ್ಲಕ್ಕಿಂತ ಮೇಲೆ ಬಿಲ್ಲೆ. ಮೊದಲ ಸಲ ನನಗೆ ಇದು ಹುಚ್ಚಾಟ ಅನ್ನಿಸಿತ್ತು. ಆದರೆ ಕೆಳಗಿನ ಸೌದೆ ಬಿಡುವ ಹೊಗೆ ಮೇಲಿನ ಉರಿಯನ್ನು ದಾಟಿಯೇ ಹೋಗಬೇಕಲ್ಲ, ಅಲ್ಲೇ ಸುಟ್ಟುಹೋಗುತ್ತದೆ. ಗಾಜು ಮಸಿಯಾಗುವುದೂ ಕಡಿಮೆ. ಇಲ್ಲಿ ಹತ್ತು ನಿಮಿಷ ನಿಲ್ಲುವ ಬಿಲ್ಲೆಯೇ ಬೇಕು, ಸೋಗೆಯ ಆಟ ನಡೆಯುವುದಿಲ್ಲ.

ಪೆಲೆಟ್ ಒಲೆಯಲ್ಲೂ ಬೆಂಕಿ ಮೇಲಿನಿಂದಲೇ. ಶೇಂಗಾ ಸಿಪ್ಪೆ, ಮರದ ಪುಡಿಯಂಥದ್ದನ್ನು ಒತ್ತಿ ಮಾಡಿದ ಈ ಕಡ್ಡಿಗಳು ಸಾಮಾನ್ಯವಾಗಿ 6ರಿಂದ 8 ಮಿಲಿಮೀಟರ್ ದಪ್ಪ. ಫ್ಯಾನ್ ಇರುವ ಸಣ್ಣ ಒಲೆಯಾದರೆ ಅಂಚಿಗಿಂತ ಎರಡು ಬೆರಳು ಕೆಳಗಿನವರೆಗೆ ತುಂಬಿ. ಮೇಲೆ ಒಂದು ಹಿಡಿ ಒಣ ಚಕ್ಕೆ ಹರಡಿ, ಮೇಣದ ಬಿಲ್ಲೆಯನ್ನು ನಾಲ್ಕು ಚೂರು ಮಾಡಿ ನಾಲ್ಕು ಕಡೆ ಇಡಿ. ಒಂದೇ ಕಡೆ ಇಟ್ಟರೆ ಉರಿ ಒಂದೇ ಮೂಲೆಗೆ ಸೇರಿ ಉಳಿದ ಕಡೆ ಹೊಗೆಯಾಡುತ್ತದೆ. ಮೇಲ್ಮೈ ಪೂರ್ತಿ ಹತ್ತಿದ ಮೇಲೆ ಫ್ಯಾನನ್ನು ಸಣ್ಣಗೆ ಹಾಕಿ. ಪೆಲೆಟ್ ಚೀಲಕ್ಕೆ ನೀರು ತಾಗಿದರೆ ಎಂಥ ಬಿಲ್ಲೆ ತಂದರೂ ಪ್ರಯೋಜನವಿಲ್ಲ, ಅದು ಉಬ್ಬಿ ಮತ್ತೆ ಪುಡಿಯೇ ಆಗುತ್ತದೆ. ಅಮೆರಿಕ, ಯುರೋಪಿನಲ್ಲಿರುವ ನಮ್ಮವರ ಮನೆಯ ಪೆಲೆಟ್ ಸ್ಟೌಗಳು ಹೆಚ್ಚಾಗಿ ಗುಂಡಿ ಒತ್ತಿದರೆ ತಾವೇ ಹೊತ್ತಿಕೊಳ್ಳುವಂಥವು. ಒಳಗೆ ಕರೆಂಟಿನಿಂದ ಕಾಯುವ ಕಡ್ಡಿ ಇರುತ್ತದೆ. ಅಂಥದ್ದಕ್ಕೆ ಕಂಪನಿಯ ಕೈಪಿಡಿಯಲ್ಲಿ ಹೇಳದ ಹೊರತು ಬಿಲ್ಲೆ, ಜೆಲ್ಲು ಏನೂ ಹಾಕಬೇಡಿ.

ಕೆಂಡ ಕಾಯುವುದು

ಇಷ್ಟೆಲ್ಲ ಓದಿದ ಮೇಲೆ ಒಂದು ಗುಟ್ಟು. ನಮ್ಮಲ್ಲಿ ವಾರದ ಐದು ದಿನ ಬೆಂಕಿಕಡ್ಡಿಯೇ ಬೇಕಾಗುವುದಿಲ್ಲ. ರಾತ್ರಿ ಕೊನೆಗೆ ಸ್ನಾನ ಮಾಡಿದವರು ಒಂದು ಇಡೀ ತೆಂಗಿನ ಸಿಪ್ಪೆಯನ್ನು ಕೆಂಡದ ಮೇಲಿಟ್ಟು ಬೂದಿ ಮುಚ್ಚುತ್ತಾರೆ. ಬೆಳಗ್ಗೆ ಬೂದಿ ಸರಿಸಿದರೆ ಕೆಂಪಗೆ ಕಣ್ಣು ಬಿಡುತ್ತದೆ. ಅದರ ಮೇಲೆ ಹಿಂಜಿದ ನಾರು, ಎರಡು ಕರಟದ ಚೂರು, ನಾಲ್ಕು ಊದು. ಮುಗಿಯಿತು.

ಆದರೆ ಒಲೆ ಬಾಯಿ ಬಚ್ಚಲೊಳಗೇ ಇರುವ ಮನೆಯಾದರೆ ಕಿಟಕಿ ತೆರೆದಿಡಿ. ಮುಚ್ಚಿದ ಬಚ್ಚಲಲ್ಲಿ ಕೆಂಡ ಬಿಡುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಬಿಸಿನೀರು ಹಿತವಾಗಿದೆ ಎಂದುಕೊಂಡೇ ತಲೆ ಸುತ್ತಿ ಬೀಳುತ್ತಾರೆ. ಚಳಿಗೆ ಹೆದರಿ ಕಿಟಕಿ ಹಾಕಿ ಸ್ನಾನಕ್ಕೆ ಕೂರಬೇಡಿ, ಮಕ್ಕಳನ್ನಂತೂ ಕೂರಿಸಲೇಬೇಡಿ.

ನಾಳೆಯ ಪುರಳೆಯನ್ನು ಇವತ್ತೇ ಒಲೆಯ ಪಕ್ಕಕ್ಕೆ ತಂದಿಡಿ, ಒಲೆ ಬಾಯಿಂದ ಒಂದು ಮೊಳ ದೂರಕ್ಕೆ. ಬೆಂಕಿಪೊಟ್ಟಣ ಸ್ಟೀಲ್ ಡಬ್ಬದಲ್ಲಿರಲಿ, ತೇವ ಹೀರಲು ಜೊತೆಗೆ ಒಂದು ಹಿಡಿ ಹುರಿದ ಅಕ್ಕಿ ಹಾಕಿ. ದೀಪಾವಳಿಗೆ ನೀರು ತುಂಬುವ ಹಬ್ಬದ ದಿನ ಹಂಡೆ ತೊಳೆದು ಹಿಂಡ್ಲೆಕಾಯಿ ಬಳ್ಳಿ ಸುತ್ತುವ ಹೊತ್ತಿಗೆ ಮಳೆ ಹಿಂದೆ ಸರಿದಿರುತ್ತದೆ. ಆಗ ಡಬ್ಬದ ಅಕ್ಕಿ ಕೋಳಿಗೆ ಚೆಲ್ಲಿ, ಅಟ್ಟದಲ್ಲಿ ಉಳಿದ ಸೋಗೆ ಎಷ್ಟಿದೆ ನೋಡಿಕೊಳ್ಳಿ. ಮುಂದಿನ ವರ್ಷ ಎಷ್ಟು ಒಣಗಿಸಿಡಬೇಕು ಎಂಬುದು ಗೊತ್ತಾಗುತ್ತದೆ.